ವಿಕೆಟ್ ಉಳಿಸಿದರು, ಚೆಂಡು ಕಳೆದರು

ಚೆನ್ನೈನ ತಿರುವಲ್ಲಿಕ್ಕೇಣಿಯಲ್ಲಿ ನನ್ನ ಸೋದರಮಾವನ ಮನೆ. ಉಡುಪಿ ಕಡೆಯವರು. ಬ್ಯಾಂಕ್ ನೌಕರಿಗೆಂದು ಮದರಾಸಿಗೆ ಹೋದವರು ನಿವೃತ್ತಿಯಾದರೂ ಊರಿಗೆ ಮರಳಲಿಲ್ಲ. ಅವರ ಟೀಪಾಯಿಯ ಕೆಳಗೆ ಉದ್ದನೆಯ ಲೆಕ್ಕದ ಪುಸ್ತಕಗಳ ಒಂದು ಕಟ್ಟು ಇದೆ. ಟಿ.ವಿ.ಯಲ್ಲಿ ಪಂದ್ಯ ನೋಡುತ್ತಾ ಅದರಲ್ಲಿ ಸ್ಕೋರ್ ಬರೆಯುತ್ತಾರೆ. ರನ್ನಿಗೆ ನೀಲಿ ಶಾಯಿ, ವಿಕೆಟ್ಟಿಗೆ ಕೆಂಪು, ರನ್ ಬಾರದ ಎಸೆತಕ್ಕೆ ಪೆನ್ಸಿಲಿನ ಚುಕ್ಕಿ. ಮೊಬೈಲ್ ತೆರೆದರೆ ಇದೆಲ್ಲ ಸಿಗುತ್ತದಲ್ಲ ಮಾವ ಅಂದರೆ, "ಸಿಗ್ತದೆ ಮಾರಾಯ, ಆದರೆ ಕೈಯಲ್ಲಿ ಬರೆದರೆ ಮಾತ್ರ ನೋವು ಗೊತ್ತಾಗುವುದು" ಅನ್ನುತ್ತಾರೆ.

2025ರ ಏಪ್ರಿಲ್ 11ರ ಪುಟವನ್ನು ಅವರೇ ತೆಗೆದು ತೋರಿಸಿದರು. ಚೆನ್ನೈ ಸೂಪರ್ ಕಿಂಗ್ಸ್ ತನ್ನದೇ ಚೆಪಾಕ್ ಮೈದಾನದಲ್ಲಿ ಕೋಲ್ಕತ್ತ ನೈಟ್ ರೈಡರ್ಸ್ ಎದುರು ಆಡಿದ ದಿನ. ಪುಟದ ತುಂಬ ಚುಕ್ಕಿ. ರಂಗೋಲಿಗೆ ಚುಕ್ಕಿ ಇಟ್ಟವರು ಗೆರೆ ಎಳೆಯುವುದನ್ನು ಮರೆತು ಒಳಗೆ ಹೋದ ಹಾಗೆ.

ಆ ರಾತ್ರಿ ನಾನೂ ಅಲ್ಲೇ ಇದ್ದೆ. ಮಾವನ ಮನೆಯಿಂದ ಮೈದಾನಕ್ಕೆ ನಡೆದು ಹೋಗುವಷ್ಟೇ ದೂರ. ಗಾಳಿ ಈ ಕಡೆ ಇದ್ದರೆ ಮೈದಾನದ ಗದ್ದಲ ಮನೆಯೊಳಗೇ ಕೇಳುತ್ತದೆ. ಟಿ.ವಿ. ಚಿತ್ರ ಕೆಲವು ಸೆಕೆಂಡು ಹಿಂದೆ ಬೀಳುವುದರಿಂದ ಸುದ್ದಿ ಮೊದಲು ಕಿಟಕಿಯಿಂದ ಬರುತ್ತದೆ, ಆಮೇಲೆ ಪರದೆಯಿಂದ. ಅಂದು ಬಹಳ ಹೊತ್ತು ಕಿಟಕಿ ಸುಮ್ಮನಿತ್ತು. ಒಮ್ಮೆ ಮಾತ್ರ ಮನೆ ಅದುರುವಂಥ ಕೂಗು ಬಂತು. ಪರದೆಯಲ್ಲಿ ಬೌಲರ್ ಇನ್ನೂ ಓಡಿ ಬರುತ್ತಿದ್ದ. ಮಾವ ನೀಲಿ ಪೆನ್ನು ಕೆಳಗಿಟ್ಟು ಕೆಂಪನ್ನು ಕೈಗೆತ್ತಿಕೊಂಡರು. "ವಿಕೆಟ್ ಹೋಯಿತು. ಧೋನಿ ಬರ್ತಿದ್ದಾನೆ."

ಹಾಗೇ ಆಯಿತು. ತಮ್ಮ ತಂಡದ ಏಳನೇ ವಿಕೆಟ್ ಬಿದ್ದದ್ದಕ್ಕೆ ಇಡೀ ಮೈದಾನ ಕುಣಿದಿತ್ತು. ನಾಲ್ಕು ಎಸೆತ ಆಡಿದ ಧೋನಿ ಒಂದು ರನ್ ಗಳಿಸಿ ಸುನಿಲ್ ನರೈನ್‌ಗೆ ಎಲ್‌ಬಿಡಬ್ಲ್ಯು ಆದರು. ಕಿಟಕಿ ಮತ್ತೆ ಸುಮ್ಮನಾಯಿತು.

ಆ ದಿನದ ಲೆಕ್ಕ ಹೀಗಿದೆ: ಚೆನ್ನೈ 20 ಓವರ್ ಪೂರ್ತಿ ಆಡಿ 9 ವಿಕೆಟ್‌ಗೆ 103. ಚೆಪಾಕ್‌ನಲ್ಲಿ ಅದು ಅಷ್ಟು ಕಡಿಮೆ ರನ್ ಗಳಿಸಿದ್ದು ಅದೇ ಮೊದಲು. ಕೋಲ್ಕತ್ತ 10.1 ಓವರ್‌ನಲ್ಲಿ 2 ವಿಕೆಟ್‌ಗೆ 107. ಒಂದೇ ಮೈದಾನ, ಒಂದೇ ಪಿಚ್, ಒಂದೇ ರಾತ್ರಿ. ಒಬ್ಬರಿಗೆ 120 ಚೆಂಡಿನಲ್ಲಿ ಆಗದ ಕೆಲಸ ಇನ್ನೊಬ್ಬರಿಗೆ 61 ಚೆಂಡಿನಲ್ಲಿ ಆಯಿತು. ನಾಲ್ಕು ಓವರ್‌ಗಳಲ್ಲಿ ಒಂದೂ ಬೌಂಡರಿ ಕೊಡದೆ 13 ರನ್ನಿಗೆ 3 ವಿಕೆಟ್ ಕಿತ್ತ ನರೈನ್, ಅದೇ ಪಿಚ್ಚಿನ ಮೇಲೆ ಇನಿಂಗ್ಸ್ ಆರಂಭಿಸಿ 18 ಎಸೆತಗಳಲ್ಲಿ 44 ಹೊಡೆದರು. ಬೀದರ್‌ನಲ್ಲಿ ಹುಟ್ಟಿ ತಮಿಳುನಾಡಿಗೆ ಆಡುವ ವರುಣ್ ಚಕ್ರವರ್ತಿ ಕೂಡ ಕೋಲ್ಕತ್ತದ ಅಂಗಿ ತೊಟ್ಟು 22 ರನ್ನಿಗೆ 2 ವಿಕೆಟ್ ತೆಗೆದರು.

ಐದು ಸಲ ಐಪಿಎಲ್ ಕಪ್ ಗೆದ್ದ ತಂಡ ಚೆನ್ನೈ: 2010, 2011, 2018, 2021, 2023. ಅಂಥ ತಂಡ 2025ರಲ್ಲಿ 14 ಪಂದ್ಯಗಳಲ್ಲಿ ನಾಲ್ಕೇ ಗೆದ್ದು, ತನ್ನ ಇತಿಹಾಸದಲ್ಲಿ ಮೊದಲ ಬಾರಿಗೆ ಪಟ್ಟಿಯ ತಳ ಸೇರಿತು. ಬೌಲಿಂಗ್ ಅಷ್ಟೇನೂ ಕೆಟ್ಟಿರಲಿಲ್ಲ. ನೂರ್ ಅಹ್ಮದ್ ಒಬ್ಬರೇ 24 ವಿಕೆಟ್ ತೆಗೆದರು. ಬತ್ತಿದ್ದು ರನ್ನು. ಇಡೀ ಋತುವಿನಲ್ಲಿ ತಂಡದ ಪರ ಅತಿ ಹೆಚ್ಚು ರನ್ ಗಳಿಸಿದ ಶಿವಂ ದುಬೆ ಮೊತ್ತ 357. ಚೆನ್ನೈನ ಹುಡುಗ ಸಾಯಿ ಸುದರ್ಶನ್ ಅದೇ ಋತುವಿನಲ್ಲಿ 759 ಬಾರಿಸಿ ಕಿತ್ತಳೆ ಟೋಪಿ ಹಾಕಿಕೊಂಡ, ಗುಜರಾತ್ ತಂಡಕ್ಕಾಗಿ.

ಯಾಕೆ ಹೀಗಾಯಿತು ಅನ್ನುವುದಕ್ಕೆ ಸಿದ್ಧ ಉತ್ತರಗಳು ಬೇಕಾದಷ್ಟಿವೆ. ಧೋನಿಗೆ ವಯಸ್ಸಾಯಿತು, ನಾಯಕ ಋತುರಾಜ್ ಮೊಣಕೈ ಮುರಿಯಿತು, ಪಿಚ್ ಕೈಕೊಟ್ಟಿತು, ಹರಾಜಿನಲ್ಲಿ ಎಡವಿದರು. ಎಲ್ಲದರಲ್ಲೂ ಸ್ವಲ್ಪ ಸತ್ಯವಿದೆ. ಆದರೆ ನನಗೆ ಮನದಟ್ಟಾದ ವಿವರಣೆ ಬಂದದ್ದು ಕ್ರಿಕೆಟ್ ಪಂಡಿತರಿಂದಲ್ಲ. ಅಮೆರಿಕದಲ್ಲಿರುವ ಮಾವನ ಮಗನಿಂದ. ಅವನು ಅಲ್ಲಿ ಇಪ್ಪತ್ತು ವರ್ಷದಿಂದ ಬೇಸ್‌ಬಾಲ್ ನೋಡುತ್ತಾನೆ. ಮಾವನ ಮಟ್ಟಿಗೆ ಅದು ಮಗ ಮಾಡಿದ ಏಕೈಕ ತಪ್ಪು.

ಅವನು ಫೋನಿನಲ್ಲಿ ಹೇಳಿದ್ದನ್ನು ನನ್ನ ಮಾತಿನಲ್ಲಿ ಬಿಡಿಸಿ ಇಡುತ್ತೇನೆ. ಬೇಸ್‌ಬಾಲ್‌ನಲ್ಲಿ ಒಂದು ತಂಡಕ್ಕೆ ಒಂಬತ್ತು ಇನಿಂಗ್ಸ್, ಒಂದೊಂದರಲ್ಲಿ ಮೂರು ಔಟ್. ಒಟ್ಟು 27 ಔಟ್. ಇಷ್ಟೇ ಚೆಂಡು ಅಂತ ಮಿತಿ ಇಲ್ಲ. ಔಟ್ ಆಗದಿದ್ದರೆ ಬೆಳಗಿನವರೆಗೂ ಬ್ಯಾಟ್ ಮಾಡಬಹುದು. ಹಾಗಾಗಿ ಅಲ್ಲಿ ಕೈಯಲ್ಲಿರುವ ದುಡ್ಡು ಅಂದರೆ ಔಟ್. 2002ರಲ್ಲಿ ಓಕ್ಲೆಂಡ್ ಅಥ್ಲೆಟಿಕ್ಸ್ ಎಂಬ ಬಡ ತಂಡದ ಜನರಲ್ ಮ್ಯಾನೇಜರ್ ಬಿಲ್ಲಿ ಬೀನ್ ಈ ಒಂದೇ ಲೆಕ್ಕ ಹಿಡಿದು, ಔಟ್ ಆಗದೆ ಬೇಸ್ ತಲುಪುವವರನ್ನು ಅಗ್ಗದ ಬೆಲೆಗೆ ಆರಿಸಿ, 103 ಪಂದ್ಯ ಗೆದ್ದ. ಅದರಲ್ಲಿ ಸತತ 20 ಗೆಲುವುಗಳೂ ಇದ್ದವು. ಮೈಕೆಲ್ ಲೂಯಿಸ್ ಬರೆದ 'ಮನಿಬಾಲ್' ಆ ಕಥೆಯೇ. ಅಲ್ಲಿ ರನ್ ಬತ್ತಿದ ತಂಡವನ್ನು ಪರೀಕ್ಷಿಸುವವರು ಮೊದಲು ನೋಡುವುದು ಔಟ್‌ಗಳನ್ನು ಎಲ್ಲಿ ಪೋಲು ಮಾಡಿದರು ಎಂದು.

ಟ್ವೆಂಟಿ-20ಯಲ್ಲಿ ಲೆಕ್ಕ ತಲೆಕೆಳಗು. 120 ಚೆಂಡು, 10 ವಿಕೆಟ್. ಹನ್ನೆರಡು ಚೆಂಡಿಗೊಂದು ವಿಕೆಟ್ ಕಳೆದುಕೊಂಡರೂ ಓವರ್ ಮುಗಿಯುವವರೆಗೆ ವಿಕೆಟ್ ಸಾಲುತ್ತದೆ. ಮೊದಲು ಖಾಲಿಯಾಗುವುದು ಚೆಂಡು. ಆದ್ದರಿಂದ ಇಲ್ಲಿ ದುಡ್ಡು ಅಂದರೆ ಚೆಂಡೇ ಹೊರತು ವಿಕೆಟ್ ಅಲ್ಲ. ಟೆಸ್ಟ್‌ನಲ್ಲಿ ವಿಕೆಟ್ಟೇ ಆಸ್ತಿ, ಚೆಂಡು ಬೇಕಾದಷ್ಟು. ಈ ಮೂರು ಆಟಗಳನ್ನೂ ಒಂದೇ ಮನಸ್ಸಿನಿಂದ ಆಡಲು ಬರುವುದಿಲ್ಲ.

ಮಾವ ತಕ್ಷಣ ವಿಶ್ವನಾಥ್ ಹೆಸರು ಎತ್ತಿದರು. ಎತ್ತದೆ ಇರುತ್ತಾರೆಯೇ? 1975ರ ಜನವರಿ, ಇದೇ ಚೆಪಾಕ್, ವೆಸ್ಟ್ ಇಂಡೀಸ್ ವಿರುದ್ಧದ ಟೆಸ್ಟ್. ಆ್ಯಂಡಿ ರಾಬರ್ಟ್ಸ್ 64 ರನ್ನಿಗೆ 7 ವಿಕೆಟ್ ಕಿತ್ತ ಇನಿಂಗ್ಸ್‌ನಲ್ಲಿ ಭಾರತ 190ಕ್ಕೆ ಆಲೌಟ್, ಅದರಲ್ಲಿ ಭದ್ರಾವತಿಯ ಗುಂಡಪ್ಪ ವಿಶ್ವನಾಥ್ ಅಜೇಯ 97. ಮಾವನಿಗೆ ಆಗ ಹೊಸ ನೌಕರಿ, ರಜೆ ಹಾಕಿ ಹೋಗಿದ್ದರು. "ಕೊನೆಗೆ ಚಂದ್ರಶೇಖರ್ ಬ್ಯಾಟ್ ಹಿಡಿದು ಬಂದಾಗ ನಾವೆಲ್ಲ ಉಸಿರು ಹಿಡಿದು ಕೂತಿದ್ದೆವು. ಅವರು ಒಂದೊಂದು ಚೆಂಡು ತಡೆದರೂ ಚಪ್ಪಾಳೆ. ಆವತ್ತು ಡಾಟ್ ಬಾಲ್ ಅಂದರೆ ಸಂಪಾದನೆ." ಅದೇ ಮೈದಾನದಲ್ಲಿ ಐವತ್ತು ವರ್ಷಗಳ ಬಳಿಕ ಡಾಟ್ ಬಾಲ್ ಸಾಲವಾಗಿದೆ. ಟಿ.ವಿ.ಯಲ್ಲಿ ಒಂದೊಂದು ಡಾಟ್ ಬಾಲಿಗೂ ಈಗ ಒಂದು ಗಿಡದ ಚಿತ್ರ ಬರುತ್ತದೆ, ಅದರ ಲೆಕ್ಕದಲ್ಲಿ ಸಸಿ ನೆಡುತ್ತಾರಂತೆ. 2025ರಲ್ಲಿ ಚೆನ್ನೈ ಬ್ಯಾಟ್ ಮಾಡುವಾಗ ಆ ಗಿಡಗಳು ಕಾಡಾಗಿ ಬೆಳೆದವು ಅನ್ನುವ ತಮಾಷೆ ಕೇಳದವರಿಲ್ಲ.

ಚೆನ್ನೈ ತಂಡ ವಿಕೆಟ್ಟನ್ನು ಹೇಗೆ ಚಿನ್ನದಂತೆ ಕಾಪಾಡಿತು ಅನ್ನುವುದಕ್ಕೆ ಏಪ್ರಿಲ್ 5ರ ಪಂದ್ಯಕ್ಕಿಂತ ಒಳ್ಳೆಯ ಸಾಕ್ಷಿ ಬೇಡ. ಡೆಲ್ಲಿ ಕ್ಯಾಪಿಟಲ್ಸ್ 183 ಮಾಡಿತ್ತು. ಅದರಲ್ಲಿ ನಮ್ಮ ಕೆ.ಎಲ್. ರಾಹುಲ್ 51 ಎಸೆತಗಳಲ್ಲಿ 77. ಗುರಿ 184. ಹನ್ನೊಂದನೇ ಓವರ್‌ನಲ್ಲಿ ಚೆನ್ನೈ 74ಕ್ಕೆ 5. ಆಗ ವಿಜಯ್ ಶಂಕರ್ ಜೊತೆ ಧೋನಿ ಸೇರಿಕೊಂಡರು. ಇನ್ನು ಬೇಕಾದದ್ದು 110 ರನ್. ಇವರಿಬ್ಬರೂ ಔಟಾಗಲಿಲ್ಲ. ಕೊನೆಯ ಚೆಂಡಿನವರೆಗೂ ನಿಂತರು. ಮುರಿಯದ ಜೊತೆಯಾಟ, 84 ರನ್. ವಿಜಯ್ ಶಂಕರ್ 54 ಎಸೆತಗಳಲ್ಲಿ 69, ಧೋನಿ 26 ಎಸೆತಗಳಲ್ಲಿ 30. ತಂಡ 5 ವಿಕೆಟ್‌ಗೆ 158, ಸೋಲು 25 ರನ್ನಿಂದ.

ಸ್ಕೋರ್ ಪುಸ್ತಕದಲ್ಲಿ ಆ ಪುಟ ನೋಡಲು ಚೆಂದ. ಕೊನೆಯ ಒಂಬತ್ತು ಓವರ್‌ಗಳಲ್ಲಿ ಒಂದೂ ಕೆಂಪು ಗುರುತಿಲ್ಲ. ಐದು ವಿಕೆಟ್ ಮುಟ್ಟದೆ ಹಾಗೇ ಉಳಿದಿವೆ. ಬ್ಯಾಂಕಿನವರಾದ ಮಾವ ಆ ಪುಟದ ಅಂಚಿನಲ್ಲಿ ಪೆನ್ಸಿಲಿನಲ್ಲಿ ಸಣ್ಣದಾಗಿ ಬರೆದಿದ್ದಾರೆ: 'ಠೇವಣಿ ಇಟ್ಟು ಉಪವಾಸ ಸತ್ತರು'.

ಇಷ್ಟಕ್ಕೆ ಇಬ್ಬರು ಆಟಗಾರರನ್ನು ಬೈದು ಮುಗಿಸಿದರೆ ತಪ್ಪಾದೀತು. 74ಕ್ಕೆ 5 ಆದ ಮೇಲೆ ಯಾರಿಗಾದರೂ ಕೈ ನಡುಗುತ್ತದೆ. ಪ್ರಶ್ನೆ ಇರುವುದು 74ಕ್ಕೆ 5 ಆಗುವುದಕ್ಕೂ ಮುಂಚೆ. ಇಲ್ಲಿ ಚೆಪಾಕ್ ಪಿಚ್ಚಿನ ಸ್ವಭಾವ ಸ್ವಲ್ಪ ತಿಳಿಯಬೇಕು.

ಚೆಪಾಕ್‌ನಲ್ಲಿ ಕೆಂಪು ಮಣ್ಣಿನ ಪಿಚ್ಚುಗಳೂ ಇವೆ, ಕಪ್ಪು ಮಣ್ಣಿನವೂ ಇವೆ. ಕೆಂಪು ಮಣ್ಣಿನಲ್ಲಿ ಪುಟಿತ ಹೆಚ್ಚು, ಕಪ್ಪು ಮಣ್ಣು ಚೆಂಡಿನ ವೇಗ ಹೀರುತ್ತದೆ. ಯಾವುದಾದರೂ ಇರಲಿ, ಚೆಂಡು ಹೊಸದಾಗಿ ಗಟ್ಟಿಯಾಗಿರುವಾಗ ಬ್ಯಾಟಿಗೆ ಸಲೀಸಾಗಿ ಬರುತ್ತದೆ. ಹತ್ತು ಓವರ್ ಹೊತ್ತಿಗೆ ಅದು ಮೆತ್ತಗಾಗಿ, ಮೇಲ್ಮೈ ಒರಟಾಗಿ, ಪಿಚ್ಚನ್ನು ಕಚ್ಚಿ ನಿಂತು ಬರಲು ಶುರು. ಬ್ಯಾಟ್ಸ್‌ಮನ್ ಬ್ಯಾಟ್ ಬೀಸಿ ಮುಗಿಸಿದ ಮೇಲೆ ಚೆಂಡು ತಲುಪುತ್ತದೆ; ಸಿಕ್ಸರಿಗೆ ಹೊರಟದ್ದು ಕವರ್‌ನಲ್ಲಿ ನಿಂತವನ ಕೈಗೆ. ಹಾಗಾದರೆ ಚೆಪಾಕ್‌ನಲ್ಲಿ ರನ್ ಮಾಡಲು ಸುಲಭದ ಹೊತ್ತು ಯಾವುದು? ಮೊದಲ ಆರು ಓವರ್. ಚೆಂಡು ಗಟ್ಟಿ, ಮೇಲಾಗಿ ಪವರ್‌ಪ್ಲೇ. ವೃತ್ತದ ಹೊರಗೆ ಇಬ್ಬರೇ ಫೀಲ್ಡರ್‌ಗಳು. ಅದಾದ ಮೇಲೆ ಐವರು ಹೊರಗೆ ಹೋಗಬಹುದು, ಸ್ಪಿನ್ನರ್‌ಗಳು ಬರುತ್ತಾರೆ, ಚೆಂಡು ಕಚ್ಚುತ್ತದೆ.

ಚೆನ್ನೈ ಮಾಡುತ್ತಿದ್ದದ್ದು ಇದಕ್ಕೆ ಉಲ್ಟಾ. ಸುಲಭದ ಹೊತ್ತಿನಲ್ಲಿ ಎಚ್ಚರಿಕೆಯಿಂದ ಕಾದು, ಕಷ್ಟದ ಹೊತ್ತಿನಲ್ಲಿ ಹೊಡೆಯಲು ಹೊರಡುವುದು. ಕೋಲ್ಕತ್ತ ವಿರುದ್ಧ ಪವರ್‌ಪ್ಲೇಯಲ್ಲಿ ಬಂದದ್ದು 31 ರನ್. ಆಮೇಲೆ ಆತುರ. ಆ ಆತುರವನ್ನು ಎದುರಿಸಲು ಸಿಕ್ಕಿದವರು ನರೈನ್ ಮತ್ತು ವರುಣ್. ಒಂದು ಹಂತದಲ್ಲಿ 59ಕ್ಕೆ 2 ಇದ್ದದ್ದು 79 ಆಗುವಷ್ಟರಲ್ಲಿ 9 ವಿಕೆಟ್. ಬ್ಯಾಟಿಂಗ್ ಬಲಪಡಿಸಲೆಂದೇ ಇಂಪ್ಯಾಕ್ಟ್ ಪ್ಲೇಯರ್ ಆಗಿ ಇಳಿದ ದೀಪಕ್ ಹೂಡಾ ಸೊನ್ನೆ, ಜಡೇಜಾ ಸೊನ್ನೆ, ಅಶ್ವಿನ್ 1, ಧೋನಿ 1. ಈ ಅಂಕಿಗಳನ್ನು ಕಂಡು ವಿಕೆಟ್ ಉಳಿಸಿದರು ಅನ್ನುವುದು ವಿಚಿತ್ರವಾಗಿ ಕೇಳಿಸಬಹುದು. ಆದರೆ ಮೊದಲ ಆರು ಓವರ್‌ನಲ್ಲಿ ಉಳಿಸಲು ಹೋದ ವಿಕೆಟ್ಟುಗಳೇ ಬಡ್ಡಿ ಸಮೇತ ಹತ್ತರಿಂದ ಹದಿನೈದನೇ ಓವರ್ ನಡುವೆ ಹೋದದ್ದು.

ಈ ಪದ್ಧತಿ ಬಂದದ್ದಾದರೂ ಎಲ್ಲಿಂದ? ಗೆಲುವಿನಿಂದಲೇ. ವರ್ಷಗಟ್ಟಲೆ ಚೆನ್ನೈ ಚೆಪಾಕ್‌ನಲ್ಲಿ ನಡೆಸಿದ ವ್ಯಾಪಾರ ಇದೇ: ನಿಧಾನದ ಪಿಚ್, 160ರ ಆಸುಪಾಸು ಮೊತ್ತ, ನಡುವಿನ ಓವರ್‌ಗಳಲ್ಲಿ ಸ್ಪಿನ್ನರ್‌ಗಳಿಂದ ಎದುರಾಳಿಯ ಕತ್ತು ಹಿಸುಕುವುದು. ಬೆಂಗಳೂರಿನವರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ. 2019ರ ಮೊದಲ ಪಂದ್ಯದಲ್ಲಿ ಆರ್‌ಸಿಬಿ ಅಲ್ಲಿ 70ಕ್ಕೆ ಉರುಳಿತ್ತು, ಚೆನ್ನೈ ಆ 71ನ್ನು ಹೊಡೆಯಲು 17.4 ಓವರ್ ತೆಗೆದುಕೊಂಡಿತ್ತು. ಅಂದು ಅವಸರ ಮಾಡದಿರುವುದೇ ಜಾಣತನ.

ಅಷ್ಟರಲ್ಲಿ ಸುತ್ತಲಿನ ಲೋಕ ಬದಲಾಯಿತು. 2023ರಲ್ಲಿ ಇಂಪ್ಯಾಕ್ಟ್ ಪ್ಲೇಯರ್ ನಿಯಮ ಬಂತು. ಹನ್ನೊಂದರ ಜಾಗದಲ್ಲಿ ಹನ್ನೆರಡು ಜನರಿಂದ ಆಡಿಸಬಹುದು, ಬ್ಯಾಟಿಂಗ್ ಎಂಟನೇ ಕ್ರಮಾಂಕದವರೆಗೂ ಉದ್ದವಾಯಿತು. ಬೇಸ್‌ಬಾಲ್‌ನ ಬದಲಿ ಬ್ಯಾಟರ್ ಪದ್ಧತಿಯ ದೂರದ ನೆಂಟ ಇದು. ಇದರಿಂದ ಒಂದು ವಿಕೆಟ್ಟಿನ ಬೆಲೆ ಇನ್ನೂ ಇಳಿಯಿತು. ಇಳಿದ ಬೆಲೆಯನ್ನು ಮೊದಲು ಗುರುತಿಸಿದವರು ಖರ್ಚು ಮಾಡತೊಡಗಿದರು. 2024ರ ಏಪ್ರಿಲ್‌ನಲ್ಲಿ ಚಿನ್ನಸ್ವಾಮಿಯಲ್ಲಿ ಹೈದರಾಬಾದ್ 287 ಬಾರಿಸಿತು. ಅದೇ ತಿಂಗಳು ಈಡನ್ ಗಾರ್ಡನ್ಸ್‌ನಲ್ಲಿ ಪಂಜಾಬ್ 262ರ ಗುರಿಯನ್ನು ಬೆನ್ನಟ್ಟಿ ಗೆದ್ದಿತು. ಚೆನ್ನೈ ಮಾತ್ರ ರದ್ದಾದ ಐನೂರರ ನೋಟು ಹಿಡಿದು ಕ್ಯೂನಲ್ಲಿ ನಿಂತಿತ್ತು.

ನಂಬಿಕೆ ಎಷ್ಟು ಗಟ್ಟಿಯಿತ್ತು ಅನ್ನುವುದು 2024ರ ನವೆಂಬರ್‌ನಲ್ಲಿ ಜೆಡ್ಡಾದಲ್ಲಿ ನಡೆದ ಮೆಗಾ ಹರಾಜಿನ ಲೆಕ್ಕದಲ್ಲಿ ಕಾಣುತ್ತದೆ. ತಂಡದ ಥೈಲಿಯಲ್ಲಿ ಒಟ್ಟು 120 ಕೋಟಿ. ಜಡೇಜಾರನ್ನು 18 ಕೋಟಿಗೆ ಉಳಿಸಿಕೊಂಡರು, ನೂರ್ ಅಹ್ಮದ್‌ಗೆ 10, ಅಶ್ವಿನ್‌ಗೆ 9.75. ಮೂವರು ಸ್ಪಿನ್ನರ್‌ಗಳಿಗೆ 37.75 ಕೋಟಿ. ಬ್ಯಾಟಿಂಗ್ ಕ್ರಮದ ಮೇಲುಭಾಗ ಮತ್ತು ನಡುವಿಗೆಂದು ತಂದ ರಾಹುಲ್ ತ್ರಿಪಾಠಿ, ದೀಪಕ್ ಹೂಡಾ, ವಿಜಯ್ ಶಂಕರ್ ಮೂವರಿಗೂ ಸೇರಿ 6.30 ಕೋಟಿ. ಮೂವರೂ ಒಳ್ಳೆಯ ಆಟಗಾರರೇ, ಅವರ ಒಳ್ಳೆಯ ಕಾಲ ಹಿಂದೆ ಸರಿದಿತ್ತು ಅಷ್ಟೆ. ಸ್ಪಿನ್ ಹಿಡಿಯುವ ಪಿಚ್ ಸಿಗುತ್ತದೆ, 160 ಸಾಕಾಗುತ್ತದೆ ಅನ್ನುವ ಲೆಕ್ಕ ಹಾಕಿದವರು ಮಾತ್ರ ಹೀಗೆ ಕೊಳ್ಳುತ್ತಾರೆ. ಆದರೆ ಪಿಚ್ ಹಾಗೆ ಸಿಗಲಿಲ್ಲ. ಮಾರ್ಚ್ 28ರಂದು ಆರ್‌ಸಿಬಿ ಅಲ್ಲಿ 196 ಹೊಡೆದು 50 ರನ್‌ಗಳಿಂದ ಗೆದ್ದಿತು. 2008ರ ನಂತರ ಚೆಪಾಕ್‌ನಲ್ಲಿ ಅದರ ಮೊದಲ ಗೆಲುವು! ಮಾವನ ಮನೆಯಲ್ಲಿ ಅಂದು ನಾನು ನಗು ತಡೆದುಕೊಂಡದ್ದು ನನ್ನ ಸಭ್ಯತೆ.

ಆ ಸೋಲಿನ ಬಳಿಕ ಕೋಚ್ ಸ್ಟೀಫನ್ ಫ್ಲೆಮಿಂಗ್, ಚೆಪಾಕ್‌ನಲ್ಲಿ ತಮಗೆ ತವರಿನ ಅನುಕೂಲವೇ ಉಳಿದಿಲ್ಲ, ಪಿಚ್ ಓದಲು ಆಗುತ್ತಿಲ್ಲ ಎಂಬ ಅರ್ಥದ ಮಾತಾಡಿದರು. ಹಳೇ ಕಾಲದ ಆಟವಾಯಿತಲ್ಲವೇ ಎಂಬ ಪ್ರಶ್ನೆಗೆ ಸಿಡಿಮಿಡಿಗೊಂಡರು. ಮೊದಲ ಚೆಂಡಿನಿಂದಲೇ ಬೀಸದಿದ್ದ ಮಾತ್ರಕ್ಕೆ ತಮ್ಮಲ್ಲಿ ಬಲವಿಲ್ಲ ಅಂತಲ್ಲ ಅನ್ನುವುದು ಅವರ ವಾದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಮಾವ ಗೊಣಗಿದರು. ನನಗೆ ಫ್ಲೆಮಿಂಗ್ ಮೇಲೆ ಅಷ್ಟು ಸಿಟ್ಟಿಲ್ಲ. 2009ರಿಂದ ಅದೇ ಕುರ್ಚಿಯಲ್ಲಿದ್ದು, ಆ ವಿಧಾನದಿಂದಲೇ ಐದು ಕಪ್ ಕಂಡವರು. ಐದು ಸಲ ಫಲ ಕೊಟ್ಟ ಮರವನ್ನು ಕಡಿಯಲು ಯಾರಿಗೆ ಮನಸ್ಸು ಬರುತ್ತದೆ? ಆದರೆ ಅದೇ ನೆಲದ ಮೇಲೆ ಒಂದು ವಾರದ ಅಂತರದಲ್ಲಿ ಡೆಲ್ಲಿಯ ರಾಹುಲ್ ಕುಣಿದು ತೋರಿಸಿದ, ಎರಡು ವಾರದಲ್ಲಿ ನರೈನ್. ರಾಹುಲ್ ಅಂದು ಕಣ್ಣುಮುಚ್ಚಿ ಬೀಸಿದ್ದೂ ಅಲ್ಲ. ಚೆಂಡಿಗೊಂದೂವರೆ ರನ್, ಅದೂ ಹೆಚ್ಚಿನ ಗಲಾಟೆಯಿಲ್ಲದೆ. ಆ ಋತುವಿನಲ್ಲಿ ಚೆನ್ನೈ ಚೆಪಾಕ್‌ನಲ್ಲಿ ಆರು ಪಂದ್ಯ ಆಡಿತು. ಮೊದಲನೆಯದರಲ್ಲಿ ಮುಂಬೈಯನ್ನು ಸೋಲಿಸಿದ್ದು ಬಿಟ್ಟರೆ ಉಳಿದ ಐದೂ ಸೋಲು.

ಇನ್ನು ಧೋನಿ. ಚೆನ್ನೈನಲ್ಲಿ ಕೂತು ಈ ಮಾತು ಬರೆಯುವಾಗ ಸ್ವಲ್ಪ ದನಿ ತಗ್ಗಿಸಬೇಕಾಗುತ್ತದೆ. ಆರ್‌ಸಿಬಿ ವಿರುದ್ಧ ಒಂಬತ್ತನೆಯವರಾಗಿ ಇಳಿದು 16 ಎಸೆತಗಳಲ್ಲಿ ಅಜೇಯ 30 ಹೊಡೆದರು. ಪಂದ್ಯ ಆಗಲೇ ಕೈಬಿಟ್ಟಿತ್ತು. ಮೊಣಕಾಲು ಮೊದಲಿನಂತಿಲ್ಲ, ಹತ್ತು ಓವರ್ ಪೂರ್ತಿ ಓಡಿ ಬ್ಯಾಟ್ ಮಾಡಲಾರರು ಎಂದು ಫ್ಲೆಮಿಂಗ್ ಅವರೇ ವಿವರಿಸಿದರು. 43 ವರ್ಷದವರಿಗೆ ಅದು ಸಹಜ. ಲಖನೌದಲ್ಲಿ ಅವರು 11 ಎಸೆತಗಳಲ್ಲಿ 26 ಹೊಡೆದು ಗೆಲ್ಲಿಸಿದ್ದೂ ನಿಜ. ತೊಂದರೆ ಅವರೊಬ್ಬರ ಆಟದ್ದಲ್ಲ. ಅವರು ಕೊನೆಯ ಮೂರು ನಾಲ್ಕು ಓವರ್‌ಗೆ ಮಾತ್ರ ಅಂತ ಗೊತ್ತಾದ ಮೇಲೆ, ಉಳಿದವರೆಲ್ಲ ಅಲ್ಲಿಯವರೆಗೆ ಹೊತ್ತು ದಾಟಿಸುವುದೇ ತಮ್ಮ ಕೆಲಸ ಎಂಬಂತೆ ಆಡುತ್ತಾರೆ. ಜನರಿಗೋ ಅವರು ಬಂದರೆ ಸಾಕು. ಜಡೇಜಾ ಔಟಾದರೆ ಚೆಪಾಕ್ ಸಂಭ್ರಮಿಸುತ್ತದೆ ಅನ್ನುವುದು ಸ್ವತಃ ಜಡೇಜಾರೇ ನಗುತ್ತಾ ಹೇಳಿಕೊಂಡ ವಿಚಾರ. ತಮ್ಮವರ ವಿಕೆಟ್ಟಿಗೆ ಅಷ್ಟು ಒಳ್ಳೆಯ ಬೆಲೆ ಕೊಡುವ ಮೈದಾನ ಜಗತ್ತಿನಲ್ಲಿ ಇನ್ನೊಂದಿರಲಾರದು.

ಚೆಂಡೇ ದುಡ್ಡು ಎಂಬ ಅರಿವು ತಂಡಕ್ಕೆ ಇರಲೇ ಇಲ್ಲ ಅಂತಲ್ಲ, ತಡವಾಗಿ ಮೂಡಿತು. ಏಪ್ರಿಲ್ 8ರಂದು ಮುಲ್ಲನ್‌ಪುರದಲ್ಲಿ ಪಂಜಾಬ್ 219 ಮಾಡಿತ್ತು. 49 ಎಸೆತಗಳಲ್ಲಿ 69 ಗಳಿಸಿ ಆಡುತ್ತಿದ್ದ ಚೆನ್ನೈನ ಡೆವೊನ್ ಕಾನ್‌ವೇ ಅವರನ್ನು ಹದಿನೆಂಟನೇ ಓವರ್‌ನಲ್ಲಿ ರಿಟೈರ್ಡ್ ಔಟ್ ಮಾಡಿ ವಾಪಸು ಕರೆಸಿಕೊಂಡರು. ಅಂದರೆ ತಾವೇ ತಮ್ಮ ವಿಕೆಟ್ ಎಸೆದು ಚೆಂಡು ಉಳಿಸುವ ಉಪಾಯ. ಐಪಿಎಲ್‌ನಲ್ಲಿ ಇದನ್ನು ಮೊದಲು ಮಾಡಿದ್ದು 2022ರಲ್ಲಿ ರಾಜಸ್ಥಾನಕ್ಕೆ ಆಡುತ್ತಿದ್ದ ಅಶ್ವಿನ್, ಚೆನ್ನೈನವರೇ. ಆದರೆ ಕಾನ್‌ವೇ ಹೊರನಡೆದಾಗ ಉಳಿದದ್ದು ಎರಡು ಚಿಲ್ಲರೆ ಓವರ್. ಸೋಲು 18 ರನ್ನಿಂದ. ಅಟ್ಟ ಮೇಲೆ ಒಲೆ ಉರಿಯಿತು.

ಹಾಗಂತ ಬೀಸುವುದೇ ಮದ್ದು ಎಂದೂ ಅಲ್ಲ. ಏಪ್ರಿಲ್ 30ರಂದು ಚೆಪಾಕ್‌ನಲ್ಲಿ ಸ್ಯಾಮ್ ಕರನ್ 47 ಎಸೆತಗಳಲ್ಲಿ 88 ಬಾರಿಸಿ ತಂಡವನ್ನು ಒಳ್ಳೆಯ ಸ್ಥಿತಿಗೆ ತಂದಿದ್ದರು. ಹತ್ತೊಂಬತ್ತನೇ ಓವರ್‌ನಲ್ಲಿ ಯಜುವೇಂದ್ರ ಚಾಹಲ್ ಹ್ಯಾಟ್ರಿಕ್ ಸಮೇತ ನಾಲ್ಕು ವಿಕೆಟ್ ಕಿತ್ತರು. 190ಕ್ಕೆ ಆಲೌಟ್, ನಾಲ್ಕು ಚೆಂಡು ಆಡದೆ ಉಳಿದವು. ಪಂಜಾಬ್ ಗೆದ್ದದ್ದು ಎರಡು ಚೆಂಡು ಉಳಿದಿರುವಾಗ. ಡೆಲ್ಲಿ ಎದುರು ವಿಕೆಟ್ ಮಿಕ್ಕಿತ್ತು, ಇಲ್ಲಿ ಚೆಂಡು ಮಿಕ್ಕಿತು. ಆ ಸೋಲಿನೊಂದಿಗೆ ಪ್ಲೇಆಫ್ ಆಸೆಯೂ ಹೋಯಿತು.

ರೋಗಕ್ಕೆ ಔಷಧ ಸಿಕ್ಕಿದ್ದು ಕೂಡ ಹರಾಜಿನ ಲೆಕ್ಕಾಚಾರದಿಂದಲ್ಲ, ಗಾಯಾಳುಗಳ ಜಾಗ ತುಂಬಲು ಹೋಗಿ. ಋತುರಾಜ್ ಬದಲಿಗೆ ಬಂದವನು ಹದಿನೇಳರ ಆಯುಷ್ ಮ್ಹಾತ್ರೆ, ಬೆಲೆ 30 ಲಕ್ಷ. ಇನ್ನೊಬ್ಬರ ಬದಲಿಗೆ ದಕ್ಷಿಣ ಆಫ್ರಿಕಾದ ಡಿವಾಲ್ಡ್ ಬ್ರೆವಿಸ್, 2.2 ಕೋಟಿ. ಮತ್ತೊಬ್ಬರ ಬದಲಿಗೆ ಉರ್ವಿಲ್ ಪಟೇಲ್, 30 ಲಕ್ಷ. ಈ ಉರ್ವಿಲ್ ಜೆಡ್ಡಾದಲ್ಲಿ ಯಾರಿಗೂ ಬೇಡವಾಗಿದ್ದವನು. ಹರಾಜು ಮುಗಿದ ಎರಡೇ ದಿನಕ್ಕೆ ಸೈಯದ್ ಮುಷ್ತಾಕ್ ಅಲಿ ಟೂರ್ನಿಯಲ್ಲಿ 28 ಎಸೆತಗಳಲ್ಲಿ ಶತಕ ಹೊಡೆದಿದ್ದ. ಮೂವರಿಗೂ ಸೇರಿ ಖರ್ಚು 2.8 ಕೋಟಿ. ಮ್ಹಾತ್ರೆ ಏಳು ಪಂದ್ಯಗಳಲ್ಲಿ 240 ರನ್, ನೂರು ಚೆಂಡಿಗೆ 189ರ ವೇಗದಲ್ಲಿ. ಬ್ರೆವಿಸ್ ಆರು ಪಂದ್ಯಗಳಲ್ಲಿ 225, ಅದೂ 180ರ ವೇಗ. ಬೆಂಗಳೂರಿನಲ್ಲಿ ಮೇ 3ರಂದು ಮ್ಹಾತ್ರೆ 48 ಎಸೆತಗಳಲ್ಲಿ 94 ಹೊಡೆದಾಗ ಚೆನ್ನೈ ಎರಡೇ ರನ್ನಿಂದ ಸೋತಿತು. ನಮ್ಮ ಕಡೆಯವರ ಎದೆಬಡಿತ ನಿಂತು ಮತ್ತೆ ಶುರುವಾಯಿತು. ಇವರಿಗೆ ಯಾರೂ ಚೆಪಾಕ್‌ನ ಹಳೇ ಶಾಸ್ತ್ರ ಹೇಳಿಕೊಟ್ಟಿರಲಿಲ್ಲ ಅನ್ನುವುದೇ ಅವರ ಅದೃಷ್ಟ.

ಮೇ 25ರಂದು ಅಹಮದಾಬಾದ್‌ನಲ್ಲಿ ಕೊನೆಯ ಪಂದ್ಯ. ಗುಜರಾತ್ ವಿರುದ್ಧ ಚೆನ್ನೈ 5 ವಿಕೆಟ್‌ಗೆ 230. ಮ್ಹಾತ್ರೆ 17 ಎಸೆತಗಳಲ್ಲಿ 34, ಉರ್ವಿಲ್ 19ರಲ್ಲಿ 37, ಬ್ರೆವಿಸ್ 23ರಲ್ಲಿ 57. 83 ರನ್‌ಗಳ ಗೆಲುವು. ಪಟ್ಟಿಯ ತಳದಲ್ಲಿರುವ ತಂಡ, ಪ್ಲೇಆಫ್ ಗಿಟ್ಟಿಸಿದ್ದ ತಂಡವನ್ನು ಅದರ ಮನೆಯಲ್ಲೇ ಹೀಗೆ ಹೊಡೆದದ್ದು ನೋಡಿ ಜನ ಬೆಪ್ಪಾದರು. ಮಾವನ ಪುಸ್ತಕದ ಆ ಪುಟದಲ್ಲಿ ನೀಲಿ ಶಾಯಿ ಅಲ್ಲಲ್ಲಿ ಹರಡಿದೆ. ಒಂದು ಸಿಕ್ಸರ್ ಬರೆಯುವಷ್ಟರಲ್ಲಿ ಇನ್ನೊಂದು ಆಗುತ್ತಿತ್ತಂತೆ; ಒಣಗಲು ಪುರುಸೊತ್ತು ಸಿಗಲಿಲ್ಲ.

ತಂಡದವರಿಗೆ ಪಾಠ ಹತ್ತಿದೆ ಅನ್ನುವ ಸೂಚನೆ ಆಮೇಲೆ ಸಿಕ್ಕಿತು. 2025ರ ನವೆಂಬರ್‌ನಲ್ಲಿ ಜಡೇಜಾ ಮತ್ತು ಕರನ್ ಅವರನ್ನು ರಾಜಸ್ಥಾನಕ್ಕೆ ಕೊಟ್ಟು ಸಂಜು ಸ್ಯಾಮ್ಸನ್‌ರನ್ನು ತಂದರು. ಡಿಸೆಂಬರ್ ಹರಾಜಿನಲ್ಲಿ ಭಾರತಕ್ಕೆ ಇನ್ನೂ ಆಡದ ಇಬ್ಬರು ಹುಡುಗರಿಗೆ, ಪ್ರಶಾಂತ್ ವೀರ್ ಮತ್ತು ಕಾರ್ತಿಕ್ ಶರ್ಮಾಗೆ, ತಲಾ 14.20 ಕೋಟಿ ಸುರಿದರು. ಅನುಭವಕ್ಕೆ ಮಣೆ ಹಾಕುತ್ತಿದ್ದ ಮನೆಯಲ್ಲಿ ಇದು ಸಣ್ಣ ಕ್ರಾಂತಿ.

ಈ ಸುದ್ದಿ ಬಂದ ವಾರ ಮಾವನಿಗೆ ಫೋನ್ ಮಾಡಿದೆ. ಹೊಸ ಲೆಕ್ಕದ ಪುಸ್ತಕ ಕೊಂಡು ತಂದಿದ್ದರು. ಸ್ಯಾಮ್ಸನ್ ಬಗ್ಗೆ ಖುಷಿಯೇ ಇತ್ತು, ಆದರೆ ದನಿಯಲ್ಲಿ ಏನೋ ಕೊರತೆ. ಎಂತ ಮಾವ, ಇನ್ನೂ ಎಂತ ಬೇಕು ನಿಮಗೆ ಅಂದೆ.

"ಅದಲ್ಲ ಮಾರಾಯ," ಅಂದರು. "ಜಡೇಜಾ ಹೋದ. ಧೋನಿಯನ್ನು ನೋಡಬೇಕಾದರೆ ಇನ್ನು ಯಾರು ಔಟಾಗಲಿ ಅಂತ ಬೇಡಿಕೊಳ್ಳುವುದು?"